ಮಣ್ಣಿನ ದಿನದ ಕ್ರೀಮು

"ನನ್ನ ತಮ್ಮನ್ನ ಹೊರಗ ಪಡಸಾಲ್ಯಾಗ ಕುಂದ್ರಿಸೇವಿ, ನೀ ಒಳಗ ಮಾರಿಗಿ ಕ್ರೀಮ್ ಹಚ್ಗೋತ ನಿಂತೀಯಲ್ಲ!"

ಬಾಗಿಲಲ್ಲಿ ನಿಂತು ಹೀಗೆ ಕೂಗಿದವರು ಬೆಳಗಿನ ಜಾವ ತೀರಿಕೊಂಡ ಖಂಡೆಪ್ಪನವರ ಅಕ್ಕ ನೀಲಗಂಗವ್ವ. ತೀರಿಕೊಂಡವರ ಸೊಸೆ ವಿದ್ಯಾವತಿಯ ಕೈ ಅಲ್ಲೇ ನಿಂತಿತು. ಎಡಗೆನ್ನೆಗೆ ಹಚ್ಚಿ ಆಗಿತ್ತು, ಬಲಗೆನ್ನೆ ಬಾಕಿ ಇತ್ತು.

"ಶೋಕಿಗಲ್ರಿ ದೊಡ್ಡತ್ತಿ. ಬಿಸಲ ತಾಗಬಾರದಂತ ಡಾಕ್ಟರು ದಿನಾ ಹಚ್ಚಾಕ ಹೇಳ್ಯಾರ್ರಿ."

"ನಾವೆಲ್ಲಾ ಹುಟ್ಟಿದಾಗಿಂದ ಬಿಸಲಾಗ ಅದೇವಿ. ನಮಗೇನಾಗೇತಿ?"

ಏನೆಂದು ಹೇಳುವುದು? ಬಿಸಿಲು ತಾಕಿದರೆ ಮೊದಲು ಕೆನ್ನೆ ಕೆಂಪಾಗಿ ಉರಿಯುತ್ತದೆ, ಆಮೇಲೆ ಜ್ವರ, ಆಮೇಲೆ ಕೀಲುನೋವು, ಕೊನೆಗೆ ಮೂತ್ರಪಿಂಡಕ್ಕೇ ಕುತ್ತು. ಹೋದ ವರ್ಷ ಒಂದು ಮಧ್ಯಾಹ್ನ ಹೊಲದಲ್ಲಿ ಬರಿ ಮುಖದಲ್ಲಿ ನಿಂತ ತಪ್ಪಿಗೆ ವಿಜಯಪುರದ ಆಸ್ಪತ್ರೆಯಲ್ಲಿ ಸತ್ತು ಬದುಕಿ ಬಂದಿದ್ದಳು. ಅಂದಿನಿಂದ ಹಲ್ಲುಜ್ಜಿದಷ್ಟೇ ತಪ್ಪದೆ ಈ ಕ್ರೀಮು. ಆದರೆ ಸಾವಿನ ಮನೆಯ ಹೆಣ್ಣುಮಕ್ಕಳು ಬಾಚಣಿಗೆ ಮುಟ್ಟುವಂತಿಲ್ಲ, ಪೌಡರು ಮುಟ್ಟುವಂತಿಲ್ಲ. ಇದೂ ಅದೇ ಸಾಲಿಗೆ ಸೇರಿಬಿಟ್ಟಿತು. ಊರ ಮಂದಿಗೆ ರೋಗ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಅದು ಸೋಗು.

ಗಂಡ ಸಿದ್ದಾರೂಢ ಒಳಗೆ ಬಂದು ಪಿಸುಗುಟ್ಟಿದ, "ಇವತ್ತೊಂದಿನ ಬಿಡ. ಮಂದಿ ನೋಡಾಕತ್ತಾರ."

"ಹಂಗಾರ ನಾ ಮನ್ಯಾಗ ಇರ್ತೇನ್ರಿ."

"ಇದ್ದೊಬ್ಬಾಕಿ ಸೊಸಿ ಮಾವನ ಮಣ್ಣಿಗೆ ಬರಲಿಲ್ಲ ಅಂದ್ರ, ನಾ ಈ ತಂಗಡಗಿ ಊರಾಗ ಮಾರಿ ಎತ್ತಿ ತಿರಗಬೇಕೋ ಬ್ಯಾಡೋ?"

ಮುದ್ದೇಬಿಹಾಳದ ಬೀಗರು ಬರುವುದು ತಡವಾಗಿ ಹೊತ್ತು ನೆತ್ತಿಗೇರಿತ್ತು. ಮಣ್ಣು ಮಾಡುವ ಹೊಲಕ್ಕೆ ದೂರದ ದಾರಿ, ನಡುವೆ ಒಂದು ಗಿಡದ ನೆರಳಿಲ್ಲ. ವಿದ್ಯಾವತಿ ಸೆರಗಿನಿಂದ ಎಡಗೆನ್ನೆ ಒರೆಸಿಕೊಂಡಳು. ಅದು ಸಾಲದೆಂಬಂತೆ ನೀಲಗಂಗವ್ವ ಅವಳ ಗದ್ದ ಹಿಡಿದು, ಉಳಿದದ್ದನ್ನೂ ತಿಕ್ಕಿ ತೆಗೆದು, ಪಡಸಾಲೆಗೆ ಕರೆತಂದರು. ಟ್ಯೂಬು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

ಗಂಡನ ಶವದ ಪಕ್ಕ ಕೂತಿದ್ದ ಅತ್ತೆ ಸಿದ್ದಲಿಂಗವ್ವ ತಲೆಯೆತ್ತಿ ಸೊಸೆಯ ಮುಖ ನೋಡಿದರು. ಅತ್ತು ಅತ್ತು ಅವರ ದನಿ ಬಿದ್ದುಹೋಗಿತ್ತು. ಆಸ್ಪತ್ರೆಯಲ್ಲಿ ಈ ಹುಡುಗಿಯ ಕಾಲು ಒತ್ತುತ್ತ ರಾತ್ರಿಗಳನ್ನು ಕಳೆದವರು ಅವರೇ.

"ಇಲ್ಲಿ ಕೊಡ ಅದನ್ನ," ಎಂದರು.

ಮೂಲೆಯಲ್ಲಿ ಭಜನೆ ಹಾಡುತ್ತಿದ್ದವರ ತಾಳ ತಪ್ಪಿತು. ಸಿದ್ದಲಿಂಗವ್ವ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ಎಲ್ಲರ ಕಣ್ಣೆದುರೇ ಅವಳ ಮುಖಕ್ಕೂ ಕುತ್ತಿಗೆಗೂ ದಪ್ಪಗೆ ಕ್ರೀಮು ಬಳಿದರು. ನೀಲಗಂಗವ್ವ ಮತ್ತೆ ಒರೆಸಲು ಸೆರಗು ಹಿಡಿದು ಮುಂದೆ ಬಾಗಿದರು. ಅಷ್ಟರಲ್ಲಿ ಸಿದ್ದಲಿಂಗವ್ವ ಗಂಡನ ಮುಂದಿಟ್ಟಿದ್ದ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಅದೇ ಕ್ರೀಮಿನ ಮೇಲೆ ಹಣೆ, ಮೂಗು, ಎರಡೂ ಕೆನ್ನೆ ಬಿಡದಂತೆ ಎಳೆದರು. ಬಿಳಿಯ ಮೇಲೆ ಬಿಳಿ. ಯಾವುದು ಔಷಧ, ಯಾವುದು ವಿಭೂತಿ, ಗುರುತು ಸಿಗಲಿಲ್ಲ.

"ಈಗ ಒರಸ್ರಿ ಅಕ್ಕಾರ, ನೋಡೂಣು."