ತಪಾಸಣೆಯ ತಾರೀಕು

“ಕಣ್ಣು ಕೆಂಪಾಗಿಲ್ಲ, ನೀರು ಸೋರಿಲ್ಲ, ನೋವು ಅಂತ ಒಂದು ದಿನಾನೂ ಅಂದಿಲ್ಲ. ಗೋಡೆ ಮೇಲಿನ ಹಲ್ಲಿ ಗಂಡೋ ಹೆಣ್ಣೋ ಅಂತ ಬೇಕಾದ್ರೂ ಹೇಳ್ತಾಳೆ, ಡಾಕ್ಟ್ರೇ!” ಎಂದರು ಮಗುವಿನ ಅಪ್ಪ, ಲಿಫ್ಟ್ ಇನ್‌ಸ್ಪೆಕ್ಟರು.

ಡಾಕ್ಟರಮ್ಮ ಕಣ್ಣು ಪರೀಕ್ಷೆಯ ಯಂತ್ರದೊಳಗೆ ಇಣುಕಿದರು. ಏಳು ವರ್ಷದ ಮಗಳು ಯಂತ್ರದ ಪಟ್ಟಿಗೆ ಹಣೆಯೊತ್ತಿ, ಉಸಿರು ಬಿಗಿಹಿಡಿದು ಕೂತಿದ್ದಳು. ಎರಡು ವರ್ಷದಿಂದ ಮಗುವಿಗೆ ಸಂಧಿವಾತ. ಮೊಣಕಾಲು ಊದಿದರೆ ಇಡೀ ಮನೆ ಎದ್ದು ಓಡುತ್ತದೆ, ಊತ ಎದುರಿಗೇ ಕಾಣುತ್ತದಲ್ಲ! ಈ ಕಾಯಿಲೆ ಕಣ್ಣಿಗೂ ಇಳಿಯಬಹುದು, ತೊಂದರೆ ಇಲ್ಲದಿದ್ದರೂ ಮೂರು ತಿಂಗಳಿಗೊಮ್ಮೆ ಕಣ್ಣು ತೋರಿಸಿ ಎಂದು ಬರೆದ ಚೀಟಿಯನ್ನು ಮಾತ್ರ, ಆಸ್ಪತ್ರೆಯವರ ವ್ಯಾಪಾರವೆಂದು ಅಪ್ಪ ಮಡಚಿಟ್ಟಿದ್ದರು. ಅಮ್ಮ ಹಟ ಹಿಡಿದು ಎಳೆದುಕೊಂಡು ಬರುವಷ್ಟರಲ್ಲಿ ತಾರೀಕು ದಾಟಿ ಐದು ತಿಂಗಳಾಗಿತ್ತು.

“ಎರಡೂ ಕಣ್ಣೊಳಗೆ ಉರಿಯೂತ ಇದೆ. ಎಡಗಡೆ ಪಾಪೆ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಂಡುಬಿಟ್ಟಿದೆ.”

“ನೋವೇ ಇಲ್ವಲ್ಲ ಮೇಡಂ?”

“ಇದು ಹೇಳಿ ಕೇಳಿ ಬರೋ ಕಾಯಿಲೆ ಅಲ್ಲ, ಬೂದಿ ಮುಚ್ಚಿದ ಕೆಂಡ. ಮಗು ‘ಮಂಜು ಮಂಜು’ ಅನ್ನೋ ಹೊತ್ತಿಗೆ ದೃಷ್ಟಿ ಹೋಗ್ತಾ ಇರುತ್ತೆ. ಇವತ್ತಿಂದ್ಲೇ ಗಂಟೆಗೊಂದ್ಸಲ ಹನಿ ಹಾಕಿ, ವಾರದೊಳಗೆ ಮತ್ತೆ ಬನ್ನಿ. ಎಡಗಣ್ಣು ಎಷ್ಟು ಉಳಿಯುತ್ತೆ ಅಂತ ಆಗ ನೋಡೋಣ.”

ಅಮ್ಮನಿಗೆ ಗಂಡನ ಮೇಲೆ ಕೂಗಾಡಬೇಕೆನಿಸಿತು, ಮಗಳ ಮುಖ ನೋಡಿ ನುಂಗಿಕೊಂಡಳು. “ಎಲ್ಲಾ ನಮ್ಮ ಗ್ರಹಚಾರ,” ಎಂದು ಅಪ್ಪ ಹೊಸ ಚೀಟಿಯನ್ನೂ ಮಡಚಿ ಜೇಬಿಗಿಟ್ಟರು.

ಹನಿ ಹಾಕಿಸಿಕೊಂಡು ಕಣ್ಣು ಕಿವುಚಿಕೊಂಡಿದ್ದ ಮಗಳು, ಅಮ್ಮನ ಕೈ ಹಿಡಿದು ಕುಂಟುತ್ತ ಲಿಫ್ಟಿನ ತನಕ ಬಂದಳು. ಒಳಗೆ ಕಾಲಿಟ್ಟ ಅಪ್ಪನ ದೃಷ್ಟಿ ಗೋಡೆಗೆ ಅಂಟಿಸಿದ್ದ ಪ್ರಮಾಣಪತ್ರದ ಮೇಲೆ ಬಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡುವ ಆಸಾಮಿ ಎಂದು ಇಲಾಖೆಯಲ್ಲಿ ಅವರಿಗೆ ಹೆಸರು.

“ಇಳೀರಿ, ಎಲ್ಲಾ ಇಳೀರಿ! ತಪಾಸಣೆ ತಾರೀಕು ಮೊನ್ನೆಗೇ ಮುಗಿದುಹೋಗಿದೆ!”

“ಚೆನ್ನಾಗೇ ಓಡ್ತಿದೆ ಸಾರ್. ಒಂಚೂರು ಸದ್ದಿಲ್ಲ,” ಎಂದ ಲಿಫ್ಟ್‌ಮ್ಯಾನ್.

“ಸದ್ದು ಮಾಡೋವರೆಗೂ ಕಾಯ್ತೀಯೇನಯ್ಯಾ? ಒಳಗೊಳಗೇ ಸವೆಯೋದು ಹೊರಗೆ ಕಾಣುತ್ತಾ? ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ! ಕಂಡೋರ ಜೀವ ಅಂದ್ರೆ ನಿಂಗೆ ಆಟ ಆಗಿಹೋಗಿದೆ!”

ಇನ್‌ಸ್ಪೆಕ್ಟರು ನಿಂತು ಲಿಫ್ಟ್ ಬಂದ್ ಮಾಡಿಸಿದರು. ಇಳಿಯಲು ನಾಲ್ಕು ಮಹಡಿ ಇತ್ತು. ಲಿಫ್ಟ್‌ಮ್ಯಾನ್ ಕೈಮುಗಿದು, ಕೆಲಸ ಹೋಗುತ್ತದೆ ಸಾರ್ ಎಂದು ಗೋಗರೆಯುತ್ತಿದ್ದ.

ಅಮ್ಮ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಕಡೆ ತಿರುಗಿದಳು.

“ಹೆದರಬೇಡಿ ಅಣ್ಣಾ,” ಎಂದಳು. “ನೀವು ಎರಡೇ ದಿನ ತಡ. ಇವರು ಐದು ತಿಂಗಳು.”