ಅಂಗಿಯ ಜೇಬಲ್ಲಿ ಹತ್ತು ನಿಮಿಷ

"ಒಂದೇ ಒಂದು ಸಾಲು ತಾನೆ ಮೇಡಂ, ತೆಗೆದುಬಿಡಿ," ಎಂದು ಫೋನ್ ಕಂಪನಿಯ ಮ್ಯಾನೇಜರ್ ವಿಡಿಯೋ ಕರೆಯ ಪರದೆಯ ಮೇಲೆ ಹಲ್ಲು ಕಿರಿದಾಗ ಅವಳ ಮೈಯೆಲ್ಲ ಉರಿದುಹೋಯಿತು. ಫೋನುಗಳನ್ನು ನಡೆಸುವ ಮುಕ್ತ ತಂತ್ರಾಂಶದ ತಿರುಳಾದ ಕರ್ನಲ್‌ನಲ್ಲಿ, ವಿದ್ಯುತ್ ನಿರ್ವಹಿಸುವ ಚಿಪ್ಪನ್ನು ನಡೆಸುವ 'ಡ್ರೈವರ್' ಎಂಬ ಕೋಡನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ಅವಳು. ಬ್ಯಾಟರಿ ಕಾದರೆ ಚಾರ್ಜಿಂಗ್ ನಿಲ್ಲಿಸುವ ಸಾಲು ಅದು. ಅದನ್ನು ಕಿತ್ತುಹಾಕುವ ತಿದ್ದುಪಡಿಯನ್ನು ಅವನು ಅವಳ ಒಪ್ಪಿಗೆಗೆ ಕಳಿಸಿದ್ದ.

"ಚಾರ್ಜಿಂಗ್ ನಿಧಾನ ಅಂತ ಗಿರಾಕಿಗಳು ಬಾಯಿಗೆ ಬಂದಂಗೆ ಬೈತಾರೆ. ಅಡ್ಡಗಾಲು ಹಾಕ್ತಿರೋದು ನೀವೊಬ್ಬರೇ."

"ಆ ಸಾಲು ತೆಗೆದು ನೀವು ಪರೀಕ್ಷೆ ಮಾಡಿದ ಫೋನು ನಿಮ್ಮ ಮೇಜಿನ ಮೇಲೇ ಇದೆಯಲ್ಲ? ಚಾರ್ಜಿಗೆ ಹಾಕಿ ಅಂಗಿ ಜೇಬಲ್ಲಿ ಇಟ್ಕೊಳ್ಳಿ. ಹತ್ತೇ ನಿಮಿಷ. ನಾನು ನೋಡ್ತಾ ಕೂತಿರ್ತೀನಿ."

ಫೋನಿನತ್ತ ಚಾಚಿದ ಅವನ ಕೈ ಅರ್ಧದಲ್ಲೇ ನಿಂತು, ಮೆಲ್ಲಗೆ ಹಿಂದೆ ಸರಿಯಿತು. ಇಷ್ಟು ದಿನ ಅವಳು ಅವನನ್ನು ಬರೀ ದಡ್ಡ ಎಂದುಕೊಂಡಿದ್ದಳು.

"ಅಪಾಯ ಅಂತ ಗೊತ್ತಿದ್ದೂ ಕಳಿಸಿದ್ರಿ!" ಎಂದು ಕೂಗಿ, ತಿದ್ದುಪಡಿಯನ್ನು ತಿರಸ್ಕರಿಸಿ, ಅದರ ಕಾರಣವನ್ನು ಜಗತ್ತಿಗೇ ಕಾಣುವಂತೆ ಬರೆಯತೊಡಗಿದಳು.