ಕೆಂಪು ಪಟ್ಟಿಯ ಐದು ಗಿಡಗಳು

ನಲವತ್ತನೆಯ ಗಿಡವನ್ನು ಕಿತ್ತು, ಬೇರನ್ನು ಬಕೆಟ್ಟಿನ ನೀರಿನಲ್ಲಿ ಜಾಲಾಡಿಸಿ ಬೆಳಕಿಗೆ ಹಿಡಿದಾಗ ಸಂಶೋಧಕಿಗೆ ಕುಣಿಯಬೇಕು ಅನ್ನಿಸಿತು. ಅನ್ನಿಸಿದ್ದೇನು, ಕುಣಿದೇಬಿಟ್ಟಳು. ಪಾಲಿಹೌಸಿನ ಒದ್ದೆ ನೆಲದ ಮೇಲೆ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಟೊಮೆಟೊ ಗಿಡವನ್ನು ತಲೆಯ ಮೇಲೆತ್ತಿ ಎರಡು ಸುತ್ತು. ನಲವತ್ತು ಗಿಡ, ನಲವತ್ತೂ ನುಣುಪು ಬೇರು. ಒಂದರಲ್ಲೂ ಒಂದು ಗಂಟಿಲ್ಲ.

ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಹುಳ ಇರುತ್ತದೆ. ಬೇರಿನೊಳಗೆ ನುಗ್ಗಿ, ಗಂಟು ಕಟ್ಟಿಸಿ, ಗಿಡದ ಊಟವನ್ನು ತಾನು ಉಂಡು ಕೂರುತ್ತದೆ. ಅದಕ್ಕೆ ಜಗ್ಗದ ಗುಣ ಇದ್ದದ್ದು ಗೋಲಿಯಷ್ಟು ಹಣ್ಣು ಬಿಡುವ ಒಂದು ಕಾಡು ಟೊಮೆಟೊದಲ್ಲಿ. ಆ ಗುಣವನ್ನು ತಿನ್ನುವ ಟೊಮೆಟೊಗೆ ದಾಟಿಸಲು ಇವಳಿಗೆ ಆರು ವರ್ಷ ಹಿಡಿಯಿತು. ಎರಡು ತಿಂಗಳ ಹಿಂದೆ ಪ್ರತಿ ಕುಂಡಕ್ಕೂ ಹುಳದ ಮೊಟ್ಟೆ ಬೆರೆಸಿದ ನೀರನ್ನು ಅಳೆದು ಸುರಿದಿದ್ದಳು. ಇವತ್ತು ಮೂರು ಗಂಟೆಗೆ ನಿರ್ದೇಶಕರು ಬೇರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಬೀಜ ಹೊಲಕ್ಕೆ. ಇಲ್ಲವಾದರೆ ಪಾಲಿಹೌಸು ಸೌತೆಕಾಯಿ ವಿಭಾಗಕ್ಕೆ. ಆ ವಿಭಾಗದ ಪುಣ್ಯಾತ್ಮರು ಆಗಲೇ ಟೇಪು ಹಿಡಿದು ಬಂದು ಅಳತೆಯನ್ನೂ ತೆಗೆದುಕೊಂಡು ಹೋಗಿದ್ದರು.

"ಕೆಂಪು ಪಟ್ಟಿಯವು ಐದು ಕಿತ್ತರೆ ಮುಗೀತು ಅಣ್ಣ," ಎಂದಳು ಮಾಲಿಗೆ. ಕೆಂಪು ಪಟ್ಟಿ ಕಟ್ಟಿದ ಕುಂಡಗಳಲ್ಲಿದ್ದದ್ದು ಹಳೆಯ ತಳಿ, ಹುಳದ ಮುಂದೆ ಮಂಡಿಯೂರುವಂಥದ್ದು. ಅವುಗಳ ಬೇರು ಗಂಟುಗಂಟಾಗಿದ್ದರೆ ಮಾತ್ರ ಹುಳಕ್ಕೆ ಜೀವವಿತ್ತು, ಹೊಸ ಗಿಡ ಅದನ್ನು ನಿಜಕ್ಕೂ ಸೋಲಿಸಿತು ಎಂದು ಲೆಕ್ಕ. ಮೊದಲನೆಯದನ್ನು ಕಿತ್ತಳು. ನುಣುಪು. ಎರಡನೆಯದು, ನುಣುಪು. ಐದನೆಯದಂತೂ ಎಲ್ಲಕ್ಕಿಂತ ದಷ್ಟಪುಷ್ಟವಾಗಿತ್ತು. ಅವಳು ಐದೂ ಕುಂಡಗಳ ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು. ಕೆಂಪೇ.

ಮಾಲಿ ನೀರಿನ ಪೈಪು ಸುತ್ತುವುದರಲ್ಲಿ ಮುಳುಗಿಹೋಗಿದ್ದ. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವನು ಪೈಪನ್ನು ಅಷ್ಟು ಅಚ್ಚುಕಟ್ಟಾಗಿ ಸುತ್ತಿದ್ದು ಅದೇ ಮೊದಲು.

"ಅಣ್ಣ, ಸ್ವಲ್ಪ ಈ ಕಡೆ ನೋಡಿ."

"ನೀವೇ ಅಂದ್ರಲ್ಲ ಮೇಡಂ, ಈ ಐದು ಸಾಯೋಕೇ ಇರೋದು ಅಂತ."

"ಅಂದೆ. ಅದಕ್ಕೆ?"

"ನೀವು ಹುಳದ ನೀರು ಹಾಕಿದ ಮಾರನೇ ದಿನ ಬಿಸಿಲಿಗೆ ತಲೆ ತಗ್ಗಿಸ್ಕೊಂಡು ನಿಂತಿದ್ವು. ಪಾಪ ಅನ್ನಿಸ್ತು. ಬೇರು ತೊಳೆದು ಬೇರೆ ಮಣ್ಣಿಗೆ ಹಾಕ್ದೆ, ಅಷ್ಟೇ." ಪೈಪಿನ ತುದಿಯನ್ನು ಸಿಕ್ಕಿಸುತ್ತ ಸೇರಿಸಿದ, "ಗೊಬ್ಬರಾನೂ ಹಾಕ್ದೆ."

ಸಂಶೋಧಕಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು. ಆರು ವರ್ಷ ನೀರುಪಾಲಾಗಿತ್ತು. ಬಾಯಿಗೆ ಬಂದಂತೆ ಬೈಯೋಣವೆಂದರೆ ಆ ಮುಖ ನೋಡಿದ ಮೇಲೆ ಬೈಗುಳ ಬಾಯಿಗೇ ಬರಲಿಲ್ಲ, ಅಳು ಬಂತು. ಅಳುವಿನ ನಡುವೆಯೇ ತಲೆ ಓಡಿತು. ಮೊಟ್ಟೆ ಒಡೆಯಲು ದಿನಗಳು ಬೇಕು. ಮಾರನೇ ದಿನವೇ ಗಿಡ ಜಾಗ ಬದಲಿಸಿದ್ದರೆ ಹುಳವೆಲ್ಲ ಹಳೆಯ ಮಣ್ಣಿನಲ್ಲೇ ಉಳಿದಿರಬೇಕು.

"ಆ ಹಳೇ ಮಣ್ಣು ಎಲ್ಲಿ ಹಾಕಿದ್ರಿ?"

"ಒಳ್ಳೆ ಮಣ್ಣು ಮೇಡಂ, ಎಸೆಯೋಕೆ ಮನಸ್ಸಾಗ್ಲಿಲ್ಲ. ಡೈರೆಕ್ಟರ್ ಸಾಹೇಬ್ರ ಕುಂಡಗಳಿಗೆ ಹಾಕ್ದೆ."

ಅವಳು ಎದ್ದು ಓಡಿದಳು. ನಿರ್ದೇಶಕರ ಕೋಣೆಯ ಹೊರಗೆ, ಜಗಲಿಯ ಮೇಲೆ ನಾಲ್ಕು ಕುಂಡಗಳಿದ್ದವು. ಅವುಗಳಲ್ಲಿದ್ದದ್ದು ಅವಳೇ ಕೊಟ್ಟ ಟೊಮೆಟೊ ಸಸಿ, ಕೆಂಪು ಪಟ್ಟಿಯ ಟ್ರೇನಲ್ಲಿ ಮಿಕ್ಕಿದ್ದು. ಸಾಹೇಬರು ದಿನವೂ ಸ್ವಂತ ಕೈಯಿಂದ ನೀರು ಹಾಕುತ್ತಿದ್ದರೂ ಒಂದು ತಿಂಗಳಿಂದ ಅವು ಸೊರಗುತ್ತಲೇ ಇದ್ದವು. ಅದಕ್ಕಾಗಿ ಸಾಹೇಬರು ಬಿಸಿಲನ್ನು ಬೈದು, ಬೆಕ್ಕನ್ನು ಬೈದು, ಈಗ ಪಕ್ಕದ ಕೋಣೆಯ ಟೈಪಿಸ್ಟನನ್ನು ಬೈಯುವ ಹಂತಕ್ಕೆ ಬಂದಿದ್ದರು.

"ಮೇಡಂ, ಸಾಹೇಬ್ರನ್ನ ಕೇಳಿ ಕೀಳಿ," ಎನ್ನುತ್ತ ಮಾಲಿ ಹಿಂದೆ ಬರುವಷ್ಟರಲ್ಲಿ ಮೊದಲ ಗಿಡ ಅವಳ ಕೈಯಲ್ಲಿತ್ತು. ಬೇರೆಲ್ಲ ಹಸಿ ಶುಂಠಿಯ ಹಾಗೆ ಗಂಟುಗಂಟು. ಅವಳು ಅದನ್ನು ಎದೆಗವಚಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಯಾಕೆಂದು ತಿಳಿಯದೆ ಮಾಲಿಯೂ ನಕ್ಕ. ಗಲಾಟೆ ಕೇಳಿ ನಿರ್ದೇಶಕರು ಹೊರಗೆ ಬಂದರು.

"ಅದು ನನ್ನ ಗಿಡ," ಎಂದರು.

"ಹೌದು ಸರ್. ನೋಡಿ, ಎಷ್ಟು ಚೆನ್ನಾಗಿ ಹಾಳಾಗಿದೆ."

ಅವಳು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಸಾಹೇಬರು ಕನ್ನಡಕ ಹಾಕಿಕೊಂಡು ಬೇರನ್ನು ತಿರುಗಿಸಿ ತಿರುಗಿಸಿ ನೋಡಿದರು. ಗಿಡ ಸಾಕಿದವನ ಸಂಕಟ ಮುಖದ ಮೇಲೆ ಒಂದು ಗಳಿಗೆ ನಿಂತು, ಆಮೇಲೆ ಜಾಗ ಬಿಟ್ಟಿತು.

"ಅದೇ ಟ್ರೇ ಸಸಿ, ಅದೇ ಮಣ್ಣು, ಅದೇ ಹುಳ. ನಡೆದದ್ದನ್ನ ನಡೆದ ಹಾಗೇ ವರದಿಯಲ್ಲಿ ಬರೀರಿ, ನಾನು ಸಹಿ ಹಾಕ್ತೀನಿ. ಬೀಜ ಹೊಲಕ್ಕೆ ಹೋಗ್ಲಿ." ಇಷ್ಟು ಹೇಳಿ ಅಂಗಿಯ ತೋಳು ಮಡಚಿದರು. "ಎರಡನೇದು ನಾನೇ ಕೀಳ್ತೀನಿ, ತಡೀರಿ."

ಕಿತ್ತರು. ಅದು ಮೊದಲನೆಯದಕ್ಕಿಂತ ಭರ್ಜರಿಯಾಗಿತ್ತು. ಮೂರನೆಯದನ್ನು ಕಂಡು ಇಬ್ಬರೂ ಕೈಕೈ ತಟ್ಟಿಕೊಂಡರು. ನಾಲ್ಕನೆಯದಕ್ಕೆ ಟೈಪಿಸ್ಟೂ ಬಂದು, ಬೈಗುಳ ತಪ್ಪಿದ ಖುಷಿಗೆ ಚಪ್ಪಾಳೆ ಹೊಡೆದ. ಜಗಲಿಯೆಲ್ಲ ಮಣ್ಣು.

ಮಾಲಿಯ ನಗು ಯಾವಾಗಲೋ ನಿಂತಿತ್ತು. ನಾಲ್ಕೂ ಗಿಡಗಳನ್ನು ನೆಲದಿಂದ ಆರಿಸಿ ತೋಳಿನ ಮೇಲೆ ಸಾಲಾಗಿ ಮಲಗಿಸಿಕೊಂಡು ಅವನೆಂದ:

"ಮುಂದಿನ ಸಲ ಯಾವ ಗಿಡ ಸಾಯ್ಬೇಕು ಅಂತ ನನಗೆ ಹೇಳ್ಬೇಡಿ ಮೇಡಂ. ಗೊತ್ತಾದ್ರೆ ಕೈ ಸುಮ್ನಿರಲ್ಲ."